ಪ್ರೇಮಿಗಳ ದಿನಕ್ಕೆ ಕಾಗದದ ಮೇಲೊಂದು ಕಸೂತಿ

ಅಂಗಡಿಯಲ್ಲಿ ಸಿಗುವ ಪ್ರೇಮಿಗಳ ದಿನದ ಕಾರ್ಡುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಚೆನ್ನಾಗಿರೋದು ಕಣ್ಣಿಗೆ ಬಿದ್ದರೆ ಈಗಲೂ ತರುತ್ತೇನೆ. ಆದರೆ ದುಡ್ಡು ಕೊಡುವ ಮುಂಚೆ ಒಳಗೆ ಖಾಲಿ ಜಾಗ ಇದೆಯಾ, ಆ ಕಾಗದದ ಮೇಲೆ ಪೆನ್ನು ಹಿಡಿಯುತ್ತಾ ಅಂತ ನೋಡಿಕೊಳ್ಳುತ್ತೇನೆ. ಥಳಥಳ ಹೊಳೆಯುವ ಲ್ಯಾಮಿನೇಷನ್ ಮೇಲೆ ಜೆಲ್ ಪೆನ್ನಲ್ಲಿ ಬರೆದರೆ ಬೇಗ ಒಣಗೋದಿಲ್ಲ, ಕೈ ತಾಗಿದರೆ ಹೆಸರೆಲ್ಲ ಮಸಿ ಮಸಿ. ಮಿನುಗುಪುಡಿ ಅಂಟಿಸಿದ್ದಂತೂ ಬೇಡವೇ ಬೇಡ. ಯುಗಾದಿವರೆಗೂ ಅದನ್ನು ಗುಡಿಸುತ್ತಿರಬೇಕಾಗುತ್ತದೆ. ಒಳಗೆ ನಾಲ್ಕು ಸಾಲಿನ ಇಂಗ್ಲಿಷ್ ಪದ್ಯ ಅಚ್ಚು ಹಾಕಿದ್ದರೆ ಅದರ ಮೇಲೆ ಒಂದು ಬಿಳಿ ಹಾಳೆ ಅಂಟಿಸಿ ನನ್ನ ಮಾತು ಬರೆದುಬಿಡುತ್ತೇನೆ. ಇದೇನು ಹೊಸ ಉಪಾಯ ಅಲ್ಲ. ಅಮೆರಿಕದ ವೂಸ್ಟರ್ ಅನ್ನೋ ಊರಲ್ಲಿ ಎಸ್ತರ್ ಹೌಲೆಂಡ್ ಎಂಬಾಕೆ 1840ರ ದಶಕದ ಕೊನೆಯಲ್ಲೇ ಜಾಲರಿ ಕಾಗದದ ಕಾರ್ಡುಗಳನ್ನು ಮಾಡಿ ಮಾರಲು ಶುರು ಮಾಡಿದ್ದಳು. ಅವಳ ಕಂಪನಿ 1879ರಲ್ಲಿ ಬರೀ ಪದ್ಯಗಳದೇ ಒಂದು ಪುಸ್ತಕ ತಂದಿತ್ತು. ಕಾರ್ಡಿನಲ್ಲಿರೋ ಪದ್ಯ ಹಿಡಿಸದಿದ್ದರೆ ಅದರಿಂದ ಬೇರೊಂದನ್ನು ಆರಿಸಿ ಮೇಲೆ ಅಂಟಿಸಿಕೊಳ್ಳಬಹುದಿತ್ತು.

ಆದರೂ ಮನೆಯಲ್ಲೇ ಮಾಡುವ ಹುಚ್ಚು ನನಗೆ ಜಾಸ್ತಿ. ಗುಲಾಬಿ, ಹೃದಯ, ಬಾಣ ಇವೆಲ್ಲ ಯಾರು ಯಾರಿಗೆ ಕೊಟ್ಟರೂ ಒಂದೇ, ಅಲ್ವಾ? ನನಗೆ ಬೇಕಿದ್ದದ್ದು ನಮ್ಮನೆಯವರಿಗಲ್ಲದೆ ಬೇರೆ ಯಾರಿಗೆ ಕೊಟ್ಟರೂ ಅರ್ಥವೇ ಆಗದ ಕಾರ್ಡು. ನಾನು ಧಾರವಾಡದವಳು, ಅವರು ನಂಜನಗೂಡಿನವರು, ಈಗ ಇರೋದು ಬೆಂಗಳೂರಲ್ಲಿ. ನನ್ನ ಕೈಲಿದ್ದ ವಿದ್ಯೆ ಅಂದರೆ ಅವ್ವ ಕಲಿಸಿದ ಕಸೂತಿ. ಇಳಕಲ್ ಸೀರೆಯ ಸೆರಗಿನ ಬದಿಯಲ್ಲಿ ತೇರು, ಆನೆ, ತುಳಸಿಕಟ್ಟೆ, ತೊಟ್ಟಿಲು ಹಾಕ್ತಾರಲ್ಲ, ಅವುಗಳ ಜೊತೆ ಗೋಪುರವೂ ಹಳೇ ಚಿತ್ತಾರವೇ. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಗೆ ಏಳು ಅಂತಸ್ತಿನ ಗೋಪುರ. ನಮ್ಮೂರ ಹೆಣಿಕೆ, ಅವರೂರ ಗೋಪುರ. ಚಿತ್ರ ಯಾವುದು ಅನ್ನೋ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಕಾಗದದ ಮ್ಯಾಲೆ ಕಸೂತಿ ಯಾರರ ಹಾಕ್ತಾರೇನ? ಹರದು ಹೋಗತದ ನೋಡು" ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಬಟ್ಟೆಯ ಮೇಲೆ ಕಸೂತಿ ಹಾಕುವಾಗ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ, ಬಟ್ಟೆಯ ಎಳೆ ಎಣಿಸುತ್ತಾ ಹೋಗಬೇಕು. ಕಾಗದದಲ್ಲಿ ಎಣಿಸೋಕೆ ಎಳೆ ಎಲ್ಲಿಂದ ತರೋಣ? ಮೇಲಾಗಿ ಬಟ್ಟೆಯಲ್ಲಿ ಸೂಜಿ ತಪ್ಪು ಜಾಗದಲ್ಲಿ ಹೋದರೆ ಬಿಚ್ಚಿ ಉಜ್ಜಿದರೆ ಗುರುತೂ ಉಳಿಯೋದಿಲ್ಲ. ಕಾಗದದಲ್ಲಿ ಬಿದ್ದ ತೂತು ಬಿದ್ದ ಹಾಗೇ. ಹಾಗಾಗಿ ಈ ಕಾರ್ಡಿನ ಮುಕ್ಕಾಲು ಕೆಲಸ ಸೂಜಿಗೆ ದಾರ ಪೋಣಿಸುವ ಮುಂಚೆಯೇ ಮುಗಿದಿರಬೇಕು.

ಮೊದಲು ಕಾಗದ. ಜೆರಾಕ್ಸ್ ಅಂಗಡಿಯ ಹಾಳೆ 70-80 ಜಿಎಸ್‌ಎಂ ಇರುತ್ತದೆ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನೋ ಲೆಕ್ಕ ಅದು), ಅದು ಸೂಜಿ ತಡೆಯೋದಿಲ್ಲ. ನಾನು ತರೋದು 300 ಜಿಎಸ್‌ಎಂ ಹಾಳೆ. ಹತ್ತಿ ಚಿಂದಿಯಿಂದ ಮಾಡಿದ ಹ್ಯಾಂಡ್‌ಮೇಡ್ ಪೇಪರ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ನಾರು ಗಟ್ಟಿ, ತೂತಿನಿಂದ ತೂತಿಗೆ ಸುಲಭಕ್ಕೆ ಹರಿಯೋದಿಲ್ಲ. ಅವೆನ್ಯೂ ರಸ್ತೆಯ ಕಾಗದದಂಗಡಿಗಳಲ್ಲಿ ಕೈಯಿಂದ ಮುಟ್ಟಿ, ಬಗ್ಗಿಸಿ ನೋಡಿ ತರಬಹುದು, ಅದಕ್ಕೇ ನಾನು ಆನ್‌ಲೈನ್‌ನಲ್ಲಿ ತರಿಸೋದಿಲ್ಲ. ಅಳತೆ ಬಗ್ಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ, ಅಂಚೆಯಲ್ಲಿ ಕಳಿಸುವವರಿಗೆ ಉಪಯೋಗಕ್ಕೆ ಬರುತ್ತದೆ: 300 ಜಿಎಸ್‌ಎಂನ ಒಂದು ಎ4 ಹಾಳೆ ಹತ್ತಿರಹತ್ತಿರ 19 ಗ್ರಾಂ ತೂಗುತ್ತದೆ. ಅದನ್ನು ಮಡಚಿ ಕಾರ್ಡ್ ಮಾಡಿ ಲಕೋಟೆಗೆ ಹಾಕಿದರೆ 20 ಗ್ರಾಂ ದಾಟಿ ಅಂಚೆ ಖರ್ಚು ಏರುತ್ತದೆ. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ, ಆ ಅರ್ಧವನ್ನು ಮಡಚಿ. ಕಾರ್ಡು ಎ6 ಆಗುತ್ತದೆ, ಅಂದರೆ ಮುಖಪುಟ 105 ಮಿಲಿಮೀಟರ್ ಅಗಲ, 148 ಎತ್ತರ. ತೂಕವೂ ಅರ್ಧ, ಗೋಪುರಕ್ಕೂ ಹೇಳಿ ಮಾಡಿಸಿದ ಆಕಾರ.

ಮಿಲ್ಲಿನ ಕಾಗದಕ್ಕೆ ನಾರಿನ ದಿಕ್ಕು ಅಂತ ಇರುತ್ತದೆ. ಹಾಳೆಯನ್ನು ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಹಟ ಮಾಡದೆ ಬಗ್ಗುತ್ತದೋ ಮಡಿಕೆ ಆ ಕಡೆಗೇ ಬರಲಿ. ಇಲ್ಲದಿದ್ದರೆ ಮಡಿಕೆಯ ಮೇಲೆ ಕಾಗದ ಬಿರುಕು ಬಿಡುತ್ತದೆ. ಮಡಿಕೆ ಗೆರೆ ಎಳೆಯೋಕೆ ನನ್ನ ಹತ್ತಿರ ಇರೋ ಸಾಮಾನು ಅಂದರೆ ಮಸಿ ಮುಗಿದ ಬಾಲ್ ಪೆನ್ ಮತ್ತು ಸ್ಟೀಲ್ ಸ್ಕೇಲ್. ಒತ್ತಿ ಗೆರೆ ಎಳೆದು ಹಾಗೇ ಬಿಡಿ. ಮಡಚೋದು ಕಟ್ಟಕಡೆಗೆ, ಹೊಲಿಗೆಯೆಲ್ಲ ಮುಗಿದ ಮೇಲೆ.

ಎಣಿಸೋಕೆ ಎಳೆ ಇಲ್ಲ ಅಂದೆನಲ್ಲ, ಅದಕ್ಕೆ ಶಾಲೆ ಮಕ್ಕಳ ಗ್ರಾಫ್ ಹಾಳೆ ಸಾಕು. 3 ಮಿಲಿಮೀಟರಿಗೆ ಒಂದು ಚುಕ್ಕೆ. 2ಕ್ಕಿಂತ ಹತ್ತಿರ ಬಂದರೆ ಕಾಗದ ಅಲ್ಲೇ ಕಿತ್ತುಕೊಳ್ಳುತ್ತದೆ. ಎರಡು ಚುಕ್ಕೆಯ ನಡುವಿನ ಜಾಗ ಒಂದು ಮನೆ. ನನ್ನ ಗೋಪುರದ ತಳ 19 ಮನೆ. ಒಂದೊಂದು ಅಂತಸ್ತಿಗೂ ಆಚೆ ಈಚೆ ಒಂದೊಂದು ಮನೆ ಬಿಡುತ್ತಾ ಹೋದರೆ ಏಳನೇ ಅಂತಸ್ತು 7 ಮನೆಗೆ ಬಂದು ನಿಲ್ಲುತ್ತದೆ. ಅಂತಸ್ತಿಗೆ ಎತ್ತರ ಎರಡು ಮನೆ. ಅಂದರೆ ತಳ ಸುಮಾರು ಆರು ಸೆಂಟಿಮೀಟರ್, ಎತ್ತರ ನಾಲ್ಕು ಚಿಲ್ಲರೆ, ಅದರ ಮೇಲೆ ಕಳಶ. ಗ್ರಾಫ್ ಹಾಳೆಯನ್ನು ಕಾರ್ಡಿನ ಮೇಲಿಟ್ಟು ಕ್ಲಿಪ್ ಹಾಕಿ, ಕೆಳಗೆ ಥರ್ಮೋಕೋಲ್ ಇಟ್ಟು, ಚುಕ್ಕೆ ಇದ್ದಲ್ಲೆಲ್ಲ ಚುಚ್ಚೋದು. ಗುಂಡುಸೂಜಿ ಬೇಡ, ತೂತು ದೊಡ್ಡದಾಗುತ್ತದೆ. ಹೊಲಿಯೋ ಸೂಜಿಯನ್ನೇ ಒಂದು ರಬ್ಬರಿಗೆ ಸಿಕ್ಕಿಸಿ ಹಿಡಿ ಮಾಡಿಕೊಂಡರೆ ಬೆರಳು ನೋಯೋದಿಲ್ಲ. ಹಿಂದೆ ಏಳುವ ಉಬ್ಬನ್ನು ಚಮಚದ ಬೆನ್ನಿನಿಂದ ಒಮ್ಮೆ ತಿಕ್ಕಿಬಿಡಿ.

ಇನ್ನು ದಾರ. ಕಸೂತಿ ದಾರದ ಒಂದು ಲಡಿಯಲ್ಲಿ ಆರು ಎಳೆ ಇರುತ್ತದೆ, ಕಾಗದಕ್ಕೆ ಎರಡೇ ಎಳೆ ಸಾಕು. ಒಂದು ಮೊಳಕ್ಕಿಂತ ಉದ್ದ ತೊಗೋಬೇಡಿ. ಪ್ರತಿ ತೂತಿನ ಅಂಚೂ ದಾರವನ್ನು ತೇಯುತ್ತದೆ, ಉದ್ದ ಜಾಸ್ತಿ ಆದಷ್ಟೂ ಕೊನೆಗೆ ನಯ ಹೋಗಿ ಜುಂಜಾಗುತ್ತದೆ. ಗೋಪುರಕ್ಕೆ ಕುಂಕುಮದ ಕೆಂಪು, ಕಳಶಕ್ಕೆ ಅರಿಶಿನ. ಅಷ್ಟೇ. ಎರಡು ಬಣ್ಣ ದಾಟಿದರೆ ಕಾಗದದ ಮೇಲೆ ಗದ್ದಲ ಅನ್ನಿಸುತ್ತದೆ, ಸೀರೆಯ ಮಾತು ಬೇರೆ.

ಕಸೂತಿಯಲ್ಲಿ ನಾಲ್ಕು ಥರ: ಗವಂತಿ, ಮುರ್ಗಿ, ನೇಗಿ, ಮೆಂತಿ. ನೇಗಿಯಲ್ಲಿ ದಾರ ಉದ್ದುದ್ದ ಓಡುತ್ತದೆ, ಕಾರ್ಡಿನ ಮೇಲೆ ಉಗುರಿಗೆ ಸಿಕ್ಕಿ ಎಳೆದುಬರುತ್ತದೆ. ಮೆಂತಿಯದು ಅಡ್ಡಡ್ಡ ಹೆಣಿಕೆ, ಒಂದೇ ತೂತಿಗೆ ಸೂಜಿ ಮತ್ತೆ ಮತ್ತೆ ಬಂದು ಕಾಗದ ಸುಸ್ತಾಗುತ್ತದೆ. ಕಾರ್ಡಿಗೆ ಗವಂತಿ, ಮುರ್ಗಿ ಎರಡೇ. ಅಂತಸ್ತಿನ ಅಡ್ಡಗೆರೆಗಳಿಗೆ ಗವಂತಿ, ಮೆಟ್ಟಿಲು ಮೆಟ್ಟಿಲಾಗಿ ಏರುವ ಎರಡು ಪಕ್ಕಕ್ಕೆ ಮುರ್ಗಿ. ಮುರ್ಗಿಯೂ ಗವಂತಿಯ ಥರವೇ, ಅಂಕುಡೊಂಕಾಗಿ ಹೋಗುತ್ತದೆ ಅಷ್ಟೇ.

ಗವಂತಿ ಗೊತ್ತಿಲ್ಲದವರಿಗೆ ತಳದ ಗೆರೆಯೊಂದನ್ನು ಹೇಳುತ್ತೇನೆ. ಎಡಗಡೆ ಮೊದಲ ತೂತಿನಿಂದ ಸೂಜಿ ಮೇಲೆ ಬರಲಿ, ಎರಡನೆಯದರಲ್ಲಿ ಇಳಿಯಲಿ, ಮೂರರಲ್ಲಿ ಮೇಲೆ, ನಾಲ್ಕರಲ್ಲಿ ಕೆಳಗೆ. ಹೀಗೇ ಕೊನೆಯ ತನಕ ಹೋದಾಗ ಒಂದು ಮನೆ ತುಂಬಿ ಒಂದು ಮನೆ ಖಾಲಿ ಇರುತ್ತದೆ. ಈಗ ಅದೇ ದಾರಿಯಲ್ಲಿ ವಾಪಸ್ ಬನ್ನಿ, ಹೋಗುವಾಗ ಖಾಲಿ ಬಿಟ್ಟದ್ದೆಲ್ಲ ಬರುವಾಗ ತುಂಬುತ್ತದೆ. ದಾರಿಯಲ್ಲಿ ಕವಲು ಸಿಕ್ಕರೆ ಹೋಗುವಾಗಲೇ ಆ ಕವಲಿಗೆ ಹತ್ತಿ ಇಳಿದು ಮುಗಿಸಿಕೊಂಡು ಮುಂದೆ ಹೋಗಬೇಕು. ಗಂಟು ಹಾಕೋದಿಲ್ಲ. ಶುರುವಿನಲ್ಲಿ ದಾರದ ತುದಿಯನ್ನು ಎರಡು ಬೆರಳಗಲ ಹಿಂದೆ ಬಿಟ್ಟು, ಆಮೇಲೆ ಬರುವ ಹೊಲಿಗೆಗಳ ಅಡಿಯಲ್ಲಿ ಸಿಕ್ಕಿಸಿದರೆ ಆಯಿತು. ದಾರ ಎಳೆಯುವಾಗ ಕಾಗದಕ್ಕೆ ನೇರವಾಗಿ ಮೇಲಕ್ಕೆ ಎಳೆಯಿರಿ, ಓರೆಯಾಗಿ ಎಳೆದರೆ ತೂತು ಸೀಳುತ್ತದೆ.

ಇಷ್ಟು ಒದ್ದಾಡೋದಕ್ಕೆ ಕಾರಣ ಇದೆ. ಗವಂತಿಗೆ ಮುಂದೆ ಹಿಂದೆ ಅನ್ನೋದಿಲ್ಲ, ಎರಡೂ ಕಡೆ ಅದೇ ಚಿತ್ರ. ಕಾರ್ಡ್ ತೆರೆದರೆ ಒಳಗಡೆ ಎಡಪುಟದಲ್ಲೂ ಗೋಪುರ ನಿಂತಿರುತ್ತದೆ. ಹಿಂಬದಿ ಮುಚ್ಚೋಕೆ ಹಾಳೆ ಅಂಟಿಸುವ ಗೋಜೇ ಇಲ್ಲ. ಇವರು ಮೊದಲ ಸಲ ತೆರೆದು ನೋಡಿ "ಇದನ್ನ ಎರಡು ಸಲ ಹೊಲಿದ್ಯಾ?" ಅಂತ ಕೇಳಿದ್ದರು. ಹೂಂ ಅಂದುಬಿಟ್ಟೆ.

ಬಲಪುಟ ಮಾತಿಗೆ. ಇಲ್ಲಿ ನನ್ನದು ಒಂದೇ ಹಟ: ಬಾಯಲ್ಲಿ ಆಡದ ಮಾತನ್ನು ಕಾರ್ಡಿನಲ್ಲೂ ಬರೆಯೋದಿಲ್ಲ. ನನ್ನುಸಿರೇ, ಚೆಲುವಾಂತ ಅಂತೆಲ್ಲ ಬರೆದರೆ ಇವರು ನನಗೆ ಜ್ವರ ಬಂದಿದೆಯಾ ಅಂತ ಮುಟ್ಟಿ ನೋಡ್ತಾರೆ. ನಾನು ಧಾರವಾಡದ ಮಾತಲ್ಲೇ ಬರೆಯೋದು. ಒಂದು ವರ್ಷ ಬರೆದದ್ದು ಹೀಗಿತ್ತು: "ಏನ್ರೀ, ರಸಬಾಳೆ ತಂದು ಅಡಗಿ ಮನ್ಯಾಗ ಇಟ್ಟೇನಿ. ಒಬ್ಬರ ತಿನಬ್ಯಾಡ್ರಿ." ನಂಜನಗೂಡಿನವರಿಗೆ ಅವರೂರ ರಸಬಾಳೆ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬರೆಯುವಾಗ ಮೊದಲು ರಫ್ ಹಾಳೆಯಲ್ಲಿ ಅದೇ ಪೆನ್ನಿನಿಂದ, ಅದೇ ಅಳತೆಯಲ್ಲಿ ಬರೆದು ನೋಡಿ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಸಾಲಿಗೂ ಸಾಲಿಗೂ ನಡುವೆ ಜಾಗ ಇಂಗ್ಲಿಷಿಗಿಂತ ಜಾಸ್ತಿ ಬೇಕು.

ಹಳೇ ಟಿಕೆಟ್ಟು, ಹೋಟೆಲ್ ಬಿಲ್ಲು ಅಂಟಿಸುವ ಆಸೆ ಇದ್ದರೆ ಜೋಕೆ. ಮೆಷಿನ್ನಿನಿಂದ ಬರುವ ಬಿಲ್ಲುಗಳು ಬಹಳಷ್ಟು ಥರ್ಮಲ್ ಕಾಗದದವು, ಬಿಸಿಲು ಬಿಸಿ ತಾಗಿ ಅಕ್ಷರ ಮಾಯವಾಗುತ್ತದೆ. ಮದುವೆಗೆ ಮುಂಚೆ ಇವರು ಧಾರವಾಡಕ್ಕೆ ಬಂದ ಬಸ್ಸಿನ ಟಿಕೆಟ್ ಜೋಪಾನ ಮಾಡಿಟ್ಟಿದ್ದೆ, ಅದನ್ನು ಜೆರಾಕ್ಸ್ ಮಾಡಿಸಿ ಆ ಪ್ರತಿಯನ್ನೇ ಅಂಟಿಸಿದೆ. ಅಂಟಿಸೋಕೆ ಗ್ಲೂ ಸ್ಟಿಕ್ ಇಲ್ಲವೇ ಡಬಲ್ ಟೇಪ್. ಫೆವಿಕಾಲ್‌ನಲ್ಲಿ ನೀರಿನಂಶ ಇರೋದರಿಂದ ತೆಳು ಕಾಗದ ಸುಕ್ಕಾಗುತ್ತದೆ. ಹೂವು ಒತ್ತಿಡೋದಾದರೆ ಮಲ್ಲಿಗೆ ಬೇಡ, ಕಂದುತ್ತದೆ. ಕಾಗದದ ಹೂವು, ಅದೇ ಬೋಗನ್‌ವಿಲ್ಲ, ಬಣ್ಣ ಉಳಿಸಿಕೊಳ್ಳುತ್ತದೆ.

ನಾನು ಕಾರ್ಡನ್ನು ಕೈಗೆ ಕೊಡೋದಿಲ್ಲ, ನಮ್ಮನೆ ವಿಳಾಸಕ್ಕೇ ಅಂಚೆಯಲ್ಲಿ ಹಾಕುತ್ತೇನೆ. ಎ6 ಕಾರ್ಡಿಗೆ ಸಿ6 ಲಕೋಟೆ ಸರಿಯಾಗಿ ಹಿಡಿಯುತ್ತದೆ, 114ಕ್ಕೆ 162 ಮಿಲಿಮೀಟರ್. ಹೊಲಿಗೆಯ ಮೇಲೆ ಒಂದು ತೆಳು ಹಾಳೆ ಇಟ್ಟು ಸೇರಿಸಿ, ದಾರ ಲಕೋಟೆಯ ಅಂಟಿಗೆ ತಾಗಬಾರದು. ಡಬ್ಬಿಗೆ ಹಾಕುವ ಬದಲು ಅಂಚೆ ಕಚೇರಿಯ ಕೌಂಟರಿಗೆ ಹೋಗಿ, ಕೈಯಲ್ಲೇ ಮುದ್ರೆ ಒತ್ತಿ ಅಂತ ಕೇಳಿಕೊಂಡರೆ ಸಾಮಾನ್ಯವಾಗಿ ಇಲ್ಲ ಅನ್ನೋದಿಲ್ಲ, ತಾರೀಕೂ ಸ್ಪಷ್ಟವಾಗಿ ಬೀಳುತ್ತದೆ. ಇನ್ನೂ ಉತ್ಸಾಹ ಇರುವವರಿಗೆ ಅಂಚೆ ಇಲಾಖೆಯ ಮೈ ಸ್ಟ್ಯಾಂಪ್ ಇದೆ. 2011ರಲ್ಲಿ ಬಂದದ್ದು, ನಿಮ್ಮ ಫೋಟೋ ಕೊಟ್ಟರೆ ಅದರ ಜೊತೆಗೆ 12 ಅಂಚೆಚೀಟಿಯ ಹಾಳೆ ಮಾಡಿಕೊಡುತ್ತಾರೆ. ಊರೊಳಗೇ ಆದರೂ ನಾಲ್ಕೈದು ದಿನ ಮುಂಚೆ ಹಾಕಿ. 14ನೇ ತಾರೀಕು ಭಾನುವಾರ ಬಿದ್ದರೆ ಶನಿವಾರದ ಒಳಗೆ ತಲುಪುವ ಹಾಗೆ ನೋಡಿಕೊಳ್ಳಿ.

ಸೂಜಿ ಹಿಡಿದೇ ಗೊತ್ತಿಲ್ಲ ಅನ್ನುವವರು ಅದೇ ಗ್ರಾಫಿನ ಚುಕ್ಕೆಗಳನ್ನು ಪೆನ್ಸಿಲಿನಲ್ಲಿ ಕಾರ್ಡಿಗೆ ಇಳಿಸಿ, ಕೆಂಪು ಪೆನ್ನಿನಿಂದ ಮನೆಮನೆಗೂ ಚಿಕ್ಕ ಗೆರೆ ಎಳೆದರೂ ನಡೆಯುತ್ತದೆ. ಗೆರೆಗೂ ಗೆರೆಗೂ ಕೂದಲೆಳೆಯಷ್ಟು ಸಂದು ಬಿಡಿ, ದೂರದಿಂದ ಹೊಲಿದ ಹಾಗೇ ಕಾಣುತ್ತದೆ. ಚುಚ್ಚಿದ ಗ್ರಾಫ್ ಹಾಳೆಯನ್ನು ಎಸೆಯಬೇಡಿ, ಮತ್ತೊಂದು ಕಾರ್ಡಿನ ಮೇಲಿಟ್ಟು ಅದೇ ತೂತುಗಳಲ್ಲಿ ಚುಚ್ಚಬಹುದು. ನನ್ನ ಗೋಪುರದ ಹಾಳೆ ಈಗ ಅವ್ವನ ಹತ್ತಿರ ಇದೆ, ಓಣಿಯ ಹುಡುಗಿಯರಿಗೆ ಕಾಗದದ ಮೇಲೆ ಹಾಕೋದು ಹೆಂಗ ಅಂತ ಅವಳೇ ಹೇಳಿಕೊಡುತ್ತಿದ್ದಾಳೆ.