ಗ್ರಾಫಿಕ್ಸ್ ಕಾರ್ಡ್‌ಗೆ ಗಾಳಿ: ನಾನೇ ಮಾಡಿಕೊಂಡ ಫ್ಯಾನ್ ಕಾರ್ಡ್

ದಾವಣಗೆರೆಯಲ್ಲಿ ಬಿಸಿಲು ಮತ್ತು ಮದುವೆ ಒಟ್ಟಿಗೇ ಬರುತ್ತವೆ. ನಾನು ಮದುವೆ ವಿಡಿಯೊ ಎಡಿಟ್ ಮಾಡುವವನು. ಏಪ್ರಿಲ್‌ನಲ್ಲಿ ಮಧ್ಯಾಹ್ನ ನನ್ನ ಅಂಗಡಿಯೊಳಗೆ 38 ಡಿಗ್ರಿ ಇರುತ್ತದೆ. ತಾರಸಿಯ ಕಾವು ರಾತ್ರಿ ಎಂಟಾದರೂ ಇಳಿಯುವುದಿಲ್ಲ. ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಫೈಲ್ ಆಗಿ ಹೊರತೆಗೆಯುವುದಕ್ಕೆ ರೆಂಡರ್ ಅನ್ನುತ್ತಾರೆ. ಜನವರಿಯಲ್ಲಿ 40 ನಿಮಿಷಕ್ಕೆ ಮುಗಿಯುತ್ತಿದ್ದ ರೆಂಡರ್ ಏಪ್ರಿಲ್‌ನಲ್ಲಿ ಒಂದು ಗಂಟೆ ದಾಟಿತು. ನೋಡಿದರೆ, ಕಂಪ್ಯೂಟರ್‌ನಲ್ಲಿ ಚಿತ್ರದ ಕೆಲಸ ಮಾಡುವ ಗ್ರಾಫಿಕ್ಸ್ ಕಾರ್ಡ್ 91 ಡಿಗ್ರಿಯಲ್ಲಿ ನಿಂತಿತ್ತು. ಇಷ್ಟು ಬಿಸಿಯಾದರೆ ಕಾರ್ಡ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಅದಕ್ಕೇ ಕೆಲಸ ನಿಧಾನ.

ಹೊಸ ಕಾರ್ಡ್ ತರುವಷ್ಟು ದುಡ್ಡು ಆಗ ಇರಲಿಲ್ಲ. ಫ್ಯಾನ್ ಕಾರ್ಡ್ ಅಂತ ಒಂದು ವಸ್ತು ಇದೆ, ಕೇಳಿರಬಹುದು. ಕ್ಯಾಬಿನೆಟ್ ಅಂದರೆ ಕಂಪ್ಯೂಟರ್ ಪೆಟ್ಟಿಗೆಯ ಹಿಂಭಾಗದಲ್ಲಿ, ಕಾರ್ಡ್ ಕೂರಿಸಲು ಇರುವ ಖಾಲಿ ಸ್ಲಾಟ್‌ಗೆ ಸ್ಕ್ರೂ ಹಾಕಿ ಕೂರಿಸುವ ಫ್ಯಾನ್ ಅದು. ಕಂಪ್ಯೂಟರ್‌ನ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡ್‌ಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಸ್ಲಾಟ್‌ನ ಪಟ್ಟಿಯನ್ನು ಹಿಡಿದು ನಿಂತು, ಮೇಲಿರುವ ಗ್ರಾಫಿಕ್ಸ್ ಕಾರ್ಡ್‌ಗೆ ಗಾಳಿ ಊದುತ್ತದೆ, ಅಷ್ಟೇ. ಇಷ್ಟಾದರೆ ನಾನೇ ಮಾಡಬಹುದು ಅನ್ನಿಸಿತು.

ಗುಜರಿಯಲ್ಲಿ ಹಳೆಯ ಡಯಲ್‌ಅಪ್ ಮೋಡೆಮ್ ಕಾರ್ಡ್ ಒಂದು ಸಿಕ್ಕಿತು. ನನಗೆ ಬೇಕಾಗಿದ್ದದ್ದು ಅದರ ತಗಡಿನ ಪಟ್ಟಿ ಮಾತ್ರ. ಎರಡು ಚಿಕ್ಕ ಸ್ಕ್ರೂ ಬಿಚ್ಚಿದರೆ ಪಟ್ಟಿ ಕೈಗೆ ಬರುತ್ತದೆ. ಒಳಮುಖಕ್ಕೆ ಮಡಚಿದ ಎರಡು ಕಿವಿ ಇರುತ್ತವೆ, ಒಂದೊಂದರಲ್ಲೂ ಒಂದು ತೂತು. ಈ ಕಿವಿಗಳಿಗೇ ನನ್ನ ಚೌಕಟ್ಟನ್ನು ಕಟ್ಟಿದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ತೆಳ್ಳಗಿನ ಅಲ್ಯೂಮಿನಿಯಂ ಎಲ್ ಪಟ್ಟಿ ಸಿಗುತ್ತದೆ. ಚೌಕಟ್ಟಿಗೆ ಅದರಲ್ಲಿ 170 ಮಿ.ಮೀ. ಉದ್ದದ ಎರಡು ತುಂಡು ಕತ್ತರಿಸಿಕೊಂಡೆ.

ಫ್ಯಾನ್ ಯಾವ ಅಳತೆಯದು ಅನ್ನುವುದು ಮುಖ್ಯ. ಪೂರ್ತಿ ಎತ್ತರದ ಕಾರ್ಡ್, ಮದರ್‌ಬೋರ್ಡ್‌ನಿಂದ ಸುಮಾರು 107 ಮಿ.ಮೀ. ಎದ್ದು ನಿಲ್ಲುತ್ತದೆ. ಆ ಜಾಗದಲ್ಲಿ 80 ಮಿ.ಮೀ. ಫ್ಯಾನ್ ಸಲೀಸಾಗಿ ಕೂರುತ್ತದೆ. 120ರದ್ದು ಹಿಡಿಸುವುದಿಲ್ಲ. 80ರ ಫ್ಯಾನ್‌ನಲ್ಲಿ ಸ್ಕ್ರೂ ತೂತುಗಳ ಅಂತರ 71.5 ಮಿ.ಮೀ. ಎರಡು ಫ್ಯಾನ್ ಪಕ್ಕಪಕ್ಕ ಇಟ್ಟರೆ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಗುರುತು 71.5, 8.5, ಮತ್ತೆ 71.5. ನಾನು ಮೊದಲು ಸ್ಕೇಲ್ ಇಟ್ಟು ಅಂದಾಜಿನಲ್ಲಿ ತೂತು ಹಾಕಿ ಒಂದು ಪಟ್ಟಿ ಹಾಳು ಮಾಡಿದೆ. ಆಮೇಲೆ ಫ್ಯಾನನ್ನೇ ಪಟ್ಟಿಯ ಮೇಲಿಟ್ಟು ಮೊಳೆಯಿಂದ ಗುರುತು ಮಾಡಿಕೊಂಡೆ. ಅದೇ ಸರಿಯಾದ ದಾರಿ. ಕಿವಿಯ ತೂತುಗಳ ಅಂತರ ಫ್ಯಾನ್ ಅಂತರಕ್ಕೆ ಹೊಂದುವುದಿಲ್ಲ, ಆ ತುದಿಯ ತೂತುಗಳನ್ನು ಅರದಿಂದ ಸ್ವಲ್ಪ ಉದ್ದ ಮಾಡಬೇಕು.

ಸ್ಲಾಟ್‌ನಿಂದ ಸ್ಲಾಟ್‌ಗೆ 20.32 ಮಿ.ಮೀ., ಫ್ಯಾನ್ ದಪ್ಪ 25. ನನ್ನದು ಏಳು ಸ್ಲಾಟ್‌ನ ಕ್ಯಾಬಿನೆಟ್, ಗ್ರಾಫಿಕ್ಸ್ ಕಾರ್ಡ್ ಮೇಲಿನ ಎರಡನ್ನು ಹಿಡಿದಿದೆ. ನಾಲ್ಕನೇ ಸ್ಲಾಟ್‌ಗೆ ತಗಡಿನ ಪಟ್ಟಿ ಹಾಕಿ, ಫ್ಯಾನನ್ನು ಚೌಕಟ್ಟಿನ ಮೇಲೆ ಕೂರಿಸಿದೆ. ಅದು ಹೋಗಿ ಗ್ರಾಫಿಕ್ಸ್ ಕಾರ್ಡ್‌ಗೆ ಹೆಚ್ಚುಕಮ್ಮಿ ತಾಗಿಯೇ ನಿಂತಿತು. ಹಾಗಾದರೆ ಕಾರ್ಡ್‌ನ ಸ್ವಂತ ಫ್ಯಾನ್‌ಗೇ ಉಸಿರು ಕಟ್ಟುತ್ತದೆ. ಬಿಚ್ಚಿ, ಫ್ಯಾನನ್ನು ಚೌಕಟ್ಟಿನ ಕೆಳಗೆ ನೇತುಹಾಕಿದೆ. ಆಗ ಮಧ್ಯೆ ಹತ್ತಿರ ಹತ್ತಿರ ಒಂದು ಇಂಚು ಜಾಗ ಸಿಕ್ಕಿತು.

ಸ್ಕ್ರೂಗೂ ಪಟ್ಟಿಗೂ ನಡುವೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ ಹಾಕಿದೆ. ಗುಂಯ್ ಅನ್ನುವ ನಡುಕ ತಗಡಿಗೆ ಹತ್ತುವುದಿಲ್ಲ. ಚೌಕಟ್ಟಿನ ಇನ್ನೊಂದು ತುದಿ ತೂಕಕ್ಕೆ ಜೋಲುತ್ತದೆ, ಅದನ್ನು ಹಾರ್ಡ್‌ಡಿಸ್ಕ್ ಗೂಡಿಗೆ ಕೇಬಲ್ ಟೈನಿಂದ ಕಟ್ಟಿದೆ. ಬೋರ್ಡ್ ಕಡೆಯ ಪಟ್ಟಿಗೆ ಪೂರ್ತಿ ಇನ್ಸುಲೇಷನ್ ಟೇಪ್ ಸುತ್ತಿದೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಬರಿ ಅಲ್ಯೂಮಿನಿಯಂ ಜಾರಿ ಬೋರ್ಡ್ ಮುಟ್ಟಿದರೆ ಶಾರ್ಟ್ ಆಗಿ ಬೋರ್ಡೇ ಹೋಗುತ್ತದೆ.

ಇನ್ನು ವೈರಿಂಗ್. ಪವರ್ ಸಪ್ಲೈಯ ನಾಲ್ಕು ಪಿನ್ ಕನೆಕ್ಟರ್ ಆದ ಮೋಲೆಕ್ಸ್‌ನಲ್ಲಿ ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಎರಡು ಕಪ್ಪು ಗ್ರೌಂಡ್. ಮೂರು ವೈರಿನ ಫ್ಯಾನ್‌ನಲ್ಲಿ ಕೆಂಪು 12 ವೋಲ್ಟ್‌ನದು, ಕಪ್ಪು ಗ್ರೌಂಡ್, ಹಳದಿ ವೇಗ ತಿಳಿಸುವ ಸಿಗ್ನಲ್. ನೋಡಿ, ಎರಡೂ ಕಡೆ ಬಣ್ಣ ಒಂದೇ, ಅರ್ಥ ಬೇರೆ. ಕೆಂಪಿಗೆ ಕೆಂಪು, ಹಳದಿಗೆ ಹಳದಿ ಅಂತ ಜೋಡಿಸಿದರೆ ಫ್ಯಾನ್‌ಗೆ 5 ವೋಲ್ಟ್ ಹೋಗುತ್ತದೆ, ಸಿಗ್ನಲ್ ವೈರಿಗೆ ನೇರವಾಗಿ 12 ನುಗ್ಗುತ್ತದೆ. ಮೋಲೆಕ್ಸ್‌ನ ಹಳದಿ ಫ್ಯಾನ್‌ನ ಕೆಂಪಿಗೆ ಹೋಗಬೇಕು. ಫ್ಯಾನ್‌ನ ಹಳದಿಯ ತುದಿಗೆ ಟೇಪ್ ಸುತ್ತಿ ಸುಮ್ನೆ ಬಿಡಬೇಕು. ನಾನು ಮೊದಲು ಮಲ್ಟಿಮೀಟರ್ ಇಟ್ಟು ನೋಡಿ, ಆಮೇಲೇ ಬೆಸುಗೆ ಹಾಕಿದೆ.

ಪೂರಾ 12 ವೋಲ್ಟ್‌ನಲ್ಲಿ ಎರಡು ಫ್ಯಾನ್ ಸದ್ದು ಜಾಸ್ತಿ. ಎಡಿಟಿಂಗ್‌ನಲ್ಲಿ ಕಿವಿಯೂ ಕೆಲಸ ಮಾಡಬೇಕಲ್ವಾ? 5 ವೋಲ್ಟ್ ಕೊಟ್ಟು ನೋಡಿದೆ. ಒಂದು ಫ್ಯಾನ್ ಬೆಳಿಗ್ಗೆ ತಿರುಗಲೇ ಇಲ್ಲ, ಬೆರಳಿನಿಂದ ತಳ್ಳಬೇಕಾಯಿತು. ಹಾಗಾಗಿ ಒಂದೊಂದು ಫ್ಯಾನ್‌ನ ಕೆಂಪು ವೈರಿಗೆ 33 ಓಮ್, 2 ವ್ಯಾಟ್‌ನ ರೆಸಿಸ್ಟರ್ ಸೇರಿಸಿದೆ. ಈಗ ಫ್ಯಾನ್‌ಗೆ ಸುಮಾರು 9 ವೋಲ್ಟ್ ಸಿಗುತ್ತದೆ. ತಪ್ಪದೆ ಶುರುವಾಗುತ್ತದೆ, ಸದ್ದು ಅರ್ಧಕ್ಕರ್ಧ ಕಡಿಮೆ.

ಇಷ್ಟೆಲ್ಲಾ ಆದಮೇಲೆ ಅದೇ ಮದುವೆಯ ವಿಡಿಯೊ ಮತ್ತೆ ರೆಂಡರ್‌ಗೆ ಹಾಕಿದೆ. 87 ಡಿಗ್ರಿ. ಎರಡು ದಿನದ ಕೆಲಸಕ್ಕೆ ಬರೀ ನಾಲ್ಕು ಡಿಗ್ರಿ ಇಳಿದಿತ್ತು. ತುಂಬಾ ಬೇಸರವಾಯಿತು.

ಸಂಜೆ ದೇವರ ಮುಂದೆ ಊದುಬತ್ತಿ ಹಚ್ಚುವಾಗ ಹೊಳೆಯಿತು. ಅದನ್ನೇ ತಂದು ಕ್ಯಾಬಿನೆಟ್ ಮುಂದೆ ಹಿಡಿದೆ. ಹೊಗೆ ಒಳಗೆ ಹೋಗಬೇಕಲ್ವಾ? ಹೋಗಲಿಲ್ಲ, ನೆಟ್ಟಗೆ ಮೇಲಕ್ಕೆ ಹೋಯಿತು. ಪಕ್ಕದ ಬಾಗಿಲನ್ನು ಒಂದು ಬೆರಳಷ್ಟು ತೆರೆದು ಫ್ಯಾನ್ ಕಾರ್ಡ್ ಹತ್ತಿರ ಹಿಡಿದೆ. ಹೊಗೆ ಮೇಲೆ ಹೋಗಿ ಗ್ರಾಫಿಕ್ಸ್ ಕಾರ್ಡ್‌ಗೆ ಬಡಿಯಿತು, ಅಂಚಿನಿಂದ ಇಳಿಯಿತು, ತಿರುಗಿ ನನ್ನ ಫ್ಯಾನ್ ಕೆಳಗೇ ಬಂತು. ನನ್ನ ಫ್ಯಾನ್ ಕಾರ್ಡ್ ಬಿಸಿ ಗಾಳಿಯನ್ನೇ ಎತ್ತಿ ಎತ್ತಿ ಕಾರ್ಡ್‌ಗೆ ಕೊಡುತ್ತಿತ್ತು!

ಮುಂದಿನ ಪ್ಲಾಸ್ಟಿಕ್ ಮುಖ ಕಿತ್ತು ನೋಡಿದರೆ ಜಾಲರಿ ತುಂಬಾ ಬಿಳಿ ಅರಳೆ, ಕಂಬಳಿಯಂತೆ ದಪ್ಪಗೆ ಕೂತಿತ್ತು. ನನ್ನ ಪಕ್ಕದ್ದು ಹಾಸಿಗೆ ಅಂಗಡಿ. ದಿನವೂ ಅಲ್ಲಿ ಹತ್ತಿ ಹಿಂಜುತ್ತಾರೆ. ಹತ್ತಿ ಗಿರಣಿಗಳಿಂದ ಬೆಳೆದ ಊರಿನಲ್ಲಿ ಇದ್ದುಕೊಂಡು ಹತ್ತಿಯ ದೂಳು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಆ ಪದರವನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿದೆ. ಚಾಚಾ ಬೆರಳಲ್ಲಿ ಹಿಸುಕಿ ನೋಡಿ, "ತಮ್ಮಾ, ಇದು ನಮ್ ಹತ್ತಿನೇ ಐತಲ್ಲೋ" ಅಂದರು. ಮರುದಿನ ಅವರೇ ಸೊಳ್ಳೆಪರದೆಯ ಬಟ್ಟೆಗೆ ಅಂಚಿನಲ್ಲಿ ಎಲಾಸ್ಟಿಕ್ ಹೊಲಿದು, ಕ್ಯಾಬಿನೆಟ್ ಮುಖಕ್ಕೆ ಸರಿಯಾಗಿ ಕೂರುವ ಹಾಗೆ ಮಾಡಿಕೊಟ್ಟರು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ.

ಜಾಲರಿ ತೊಳೆದೆ. ಆರನೇ ಸ್ಲಾಟ್‌ನ ಮುಚ್ಚಳ ತೆಗೆದು ಅಲ್ಲೂ ಒಂದು ತುಂಡು ಪರದೆ ಅಂಟಿಸಿದೆ. ಅದು ಫ್ಯಾನ್ ಕಾರ್ಡ್‌ನ ಕೆಳಗೇ ಇರುವುದರಿಂದ ಹೊರಗಿನ ಗಾಳಿ ನೇರವಾಗಿ ಬರುತ್ತದೆ. ಗೋಡೆಗೆ ಒತ್ತಿಕೊಂಡಿದ್ದ ಕ್ಯಾಬಿನೆಟ್ಟನ್ನು ಒಂದು ಗೇಣು ಮುಂದೆ ತಂದೆ. ಮತ್ತೆ ಊದುಬತ್ತಿ ಹಿಡಿದೆ. ಈ ಸಲ ಹೊಗೆ ಮುಂದಿನಿಂದ ಒಳಗೆ ಹೋಗಿ ಹಿಂದಿನ ದೊಡ್ಡ ಫ್ಯಾನ್‌ನಿಂದ ಹೊರಗೆ ಬಂತು. ರೆಂಡರ್ ಹಾಕಿದರೆ 76 ಡಿಗ್ರಿ. ಸಮಯ 43 ನಿಮಿಷ. ಕೋಣೆ ಅದೇ 38ರಲ್ಲಿತ್ತು.

ಜಾಲರಿ ಮಾತ್ರ ತೊಳೆದಿದ್ದರೆ ಸಾಕಾಗುತ್ತಿತ್ತೇ ಅಂತ ನೀವು ಕೇಳಬಹುದು. ನನಗೂ ಆ ಪ್ರಶ್ನೆ ಬಂತು. ಒಂದು ಮಧ್ಯಾಹ್ನ ಫ್ಯಾನ್ ಕಾರ್ಡ್‌ನ ವೈರ್ ಕಿತ್ತು ರೆಂಡರ್ ಹಾಕಿ ನೋಡಿದೆ. 83ಕ್ಕೆ ಬಂತು. ಅಂದರೆ ದಾರಿ ಬಿಡಿಸಿದ್ದಕ್ಕೆ ಎಂಟು ಡಿಗ್ರಿ, ಫ್ಯಾನ್ ಕಾರ್ಡ್‌ಗೆ ಏಳು. ಉಸಿರಾಡಲು ಜಾಗ ಇಲ್ಲದ ಪೆಟ್ಟಿಗೆಯಲ್ಲಿ ನಾಲ್ಕೇ ಕೊಟ್ಟ ಅದೇ ಫ್ಯಾನ್, ತಂಪು ಗಾಳಿ ಸಿಕ್ಕ ಮೇಲೆ ಏಳು ಕೊಟ್ಟಿತು. ಹಾಗಾಗಿ ನೀವು ಮಾಡುವುದಾದರೆ ಮೊದಲು ಊದುಬತ್ತಿ ಹಿಡಿದು ನೋಡಿ, ಆಮೇಲೆ ಡ್ರಿಲ್ ಕೈಗೆತ್ತಿಕೊಳ್ಳಿ.

ಮೂರು ತಿಂಗಳಾದ ಮೇಲೆ ಒಂದು ಫ್ಯಾನ್ ಕರಕರ ಅನ್ನತೊಡಗಿತು. ನಾನು ತಂದಿದ್ದವು ಅಗ್ಗದ ಸ್ಲೀವ್ ಬೇರಿಂಗ್‌ನವು. ಅಂಥವು ನಿಂತು ತಿರುಗಿದರೆ ಪರವಾಗಿಲ್ಲ, ಹೀಗೆ ಅಂಗಾತ ಮಲಗಿಸಿದರೆ ಬೇಗ ಸವೆಯುತ್ತವೆ. ಎರಡನ್ನೂ ತೆಗೆದು ಬಾಲ್ ಬೇರಿಂಗ್ ಇರುವವನ್ನು ಹಾಕಿದೆ. ಅಳತೆ ಅದೇ ಇದ್ದದ್ದರಿಂದ ಹತ್ತು ನಿಮಿಷದ ಕೆಲಸ. ಹಾಕುವಾಗ ಸ್ಟಿಕ್ಕರ್ ಇರುವ ಮುಖ ಮೇಲಕ್ಕೆ, ಗ್ರಾಫಿಕ್ಸ್ ಕಾರ್ಡ್ ಕಡೆಗೆ ಇರಲಿ. ಗಾಳಿ ಹೊರಡುವುದು ಆ ಮುಖದಿಂದ.

ಪ್ರತಿ ಭಾನುವಾರ ಚಾಚಾ ಹೊಲಿದುಕೊಟ್ಟ ಪರದೆಯನ್ನು ಬಿಚ್ಚಿ, ನಲ್ಲಿ ನೀರಲ್ಲಿ ಜಾಲಿಸಿ, ಕಿಟಕಿಗೆ ಒಣಹಾಕುತ್ತೇನೆ. ನಮ್ಮ ಬಿಸಿಲಿಗೆ ಕಾಲು ಗಂಟೆಯಲ್ಲಿ ಒಣಗುತ್ತದೆ.