ಮುಷ್ಟಿಯಷ್ಟು ತಲೆ, ಠ ಅಕ್ಷರದ ಕಣ್ಣು: ಪುಟಾಣಿಗಳಿಗೆ ಆನೆ ಬಿಡಿಸಲು ಕಲಿಸುವುದು

ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಚಿತ್ರದ ಕ್ಲಾಸ್ ಮಾಡುತ್ತೇನೆ. ಬರುವವರು 4ರಿಂದ 7 ವರ್ಷದ ಪುಟಾಣಿಗಳು. ಇವರಿಗೆ ನಾನು ಮೊದಲು ಹೇಳಿಕೊಡುವ ಕಾರ್ಟೂನ್ ಪ್ರಾಣಿ ಆನೆ. ಬೆಕ್ಕು, ಮೊಲ ಸುಲಭ ಅಲ್ವಾ ಅಂತ ಕೇಳಬಹುದು. ಆದರೆ ಸೊಂಡಿಲು ಒಂದು ಬಂತು ಅಂದರೆ ಸಾಕು, ಉಳಿದದ್ದು ಹೇಗೇ ಇರಲಿ, ನೋಡಿದವರು ಆನೆ ಅಂದೇ ಅನ್ನುತ್ತಾರೆ. ಕಷ್ಟಪಟ್ಟು ಬೆಕ್ಕು ಬಿಡಿಸಿದ ಮಗುವನ್ನು ಯಾರಾದರೂ ‘ಇದೇನು, ನರಿನಾ?’ ಅಂದುಬಿಟ್ಟರೆ ಅವತ್ತಿನ ಕ್ಲಾಸ್ ಅಲ್ಲಿಗೇ ಮುಗಿಯಿತು. ಜೊತೆಗೆ ನಮ್ಮೂರಲ್ಲಿ ದಸರಾಗೆ ಮುಂಚೆ ಅರಮನೆಯಿಂದ ಬನ್ನಿಮಂಟಪದವರೆಗೆ ಆನೆಗಳ ತಾಲೀಮು ನಡೆಯುತ್ತದಲ್ಲ. ಮಕ್ಕಳು ರಸ್ತೆಬದಿಯಲ್ಲಿ ನಿಂತು ಆನೆ ನೋಡಿರುತ್ತಾರೆ. ಅಭಿಮನ್ಯು ಅಂತ ಪಕ್ಕದ ಮನೆಯವರ ಹಾಗೆ ಹೆಸರು ಹಿಡಿದೇ ಮಾತಾಡುತ್ತಾರೆ.

ಪೆನ್ಸಿಲ್, ರಬ್ಬರ್ ಎರಡನ್ನೂ ಬ್ಯಾಗಿನಲ್ಲೇ ಇಡಿಸುತ್ತೇನೆ. ರಬ್ಬರ್ ಕೈಗೆ ಸಿಕ್ಕರೆ ಐದು ವರ್ಷದ ಮಗು ಬಿಡಿಸುವುದಕ್ಕಿಂತ ಅಳಿಸುವುದೇ ಜಾಸ್ತಿ. ಕೊನೆಗೆ ಹಾಳೆ ಹರಿದು ಅಳು ಶುರು. ದಪ್ಪನೆಯ ಮೇಣದ ಕ್ರೇಯಾನ್ ಕೊಟ್ಟರೆ ಎಳೆದ ಗೆರೆ ಎಳೆದದ್ದೇ. ಗೆರೆ ಎಲ್ಲಿಗೋ ಹೋಯಿತು ಅಂದರೆ ಅದನ್ನೇ ಕಿವಿ ಮಾಡು, ಬಾಲ ಮಾಡು ಅನ್ನುತ್ತೇನೆ.

ಮೊದಲ ತೊಂದರೆ ಗಾತ್ರದ್ದು. ದೊಡ್ಡ ಹಾಳೆ ಕೊಟ್ಟರೂ ಮಕ್ಕಳು ಮೂಲೆಯಲ್ಲಿ ಕಡಲೆಕಾಳಿನಷ್ಟು ತಲೆ ಬಿಡಿಸುತ್ತಾರೆ. ಅದರೊಳಗೆ ಕಣ್ಣು ಎಲ್ಲಿ ಹಿಡಿಯಬೇಕು? ‘ದೊಡ್ಡದಾಗಿ ಬಿಡಿಸು’ ಅಂತ ಎಷ್ಟು ಸಲ ಹೇಳಿದರೂ ಪ್ರಯೋಜನವಿಲ್ಲ. ದೊಡ್ಡದು ಅಂದರೆ ಎಷ್ಟು ಅಂತ ಅವರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಬರೆಯದ ಕೈಯನ್ನು ಮುಷ್ಟಿ ಮಾಡಿ ಹಾಳೆಯ ನಡುವೆ ಇಡಿಸುತ್ತೇನೆ. ಅದರ ಸುತ್ತ ಗೆರೆ ಎಳೆದರೆ ತಲೆ ಸಿದ್ಧ. ಮುಷ್ಟಿ ತೆಗೆದು ನೋಡಿದರೆ ಗೆರೆ ಪೂರ್ತಿ ಗುಂಡಗಿರುವುದಿಲ್ಲ. ಬೆರಳಿನ ಗೆಣ್ಣುಗಳ ಕಡೆ ಉಬ್ಬು, ನಡುವೆ ಸಣ್ಣ ತಗ್ಗು. ನಮ್ಮ ದೇಶದ ಆನೆಗೂ ನೆತ್ತಿಯ ಮೇಲೆ ಎರಡು ಉಬ್ಬು ಇರುತ್ತವೆ, ಆಫ್ರಿಕಾದ ಆನೆಗೆ ಹಾಗಿರುವುದಿಲ್ಲ. ‘ನೋಡು, ನಿನ್ನ ಮುಷ್ಟಿಯೊಳಗೇ ಮೈಸೂರು ಆನೆ ಇತ್ತು’ ಅಂದರೆ ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ.

ಮಗುವಿನ ಕೈಗೆ ಸುಮಾರು 3 ವರ್ಷಕ್ಕೆ ವೃತ್ತ ಬರುತ್ತದೆ. ಚೌಕಕ್ಕೆ 4-5 ವರ್ಷವಾಗಬೇಕು, ತ್ರಿಕೋನ ಇನ್ನೂ ತಡ. ಹಾಗಾಗಿ ನನ್ನ ಆನೆಯಲ್ಲಿ ಮೂಲೆಯೇ ಇಲ್ಲ, ಎಲ್ಲ ಗುಂಡು. ಕಷ್ಟದ್ದು ಸೊಂಡಿಲು ಒಂದೇ. ಎರಡು ಗೆರೆಗಳನ್ನು ಸಮಾನ ಅಂತರದಲ್ಲಿ ಬಳುಕಿಸಿ ತರುವುದು ಚಿಕ್ಕವರಿಗೆ ಆಗದ ಕೆಲಸ, ಒಂದರ ಮೇಲೊಂದು ಹತ್ತಿಬಿಡುತ್ತವೆ. ಇದಕ್ಕೆ ಮುರಿದ ಕ್ರೇಯಾನ್ ಬೇಕು. ಅದರ ಮೇಲಿನ ಕಾಗದ ಸುಲಿದು, ತುಂಡನ್ನು ಅಡ್ಡಲಾಗಿ ಮಲಗಿಸಿ, ಮುಖದ ನಡುವಿನಿಂದ ಕೆಳಕ್ಕೆ ಎಳೆದು ತುದಿಯಲ್ಲಿ ತಿರುಗಿಸಿದರೆ ಒಂದೇ ಎಳೆತಕ್ಕೆ ದಪ್ಪ ಸೊಂಡಿಲು ಬರುತ್ತದೆ. ಮೇಲೆ ಅಡ್ಡಡ್ಡ ಗೆರೆ ಹಾಕಿದರೆ ಸುಕ್ಕು. ಬೂದು ಬಣ್ಣವೇ ಬೇಕು ಅಂತ ನನ್ನ ಹಟವಿಲ್ಲ. ನೇರಳೆ ಸೊಂಡಿಲಿನ ಆನೆಗಳು ನಮ್ಮ ಗೋಡೆಯ ಮೇಲೆ ಬೇಕಾದಷ್ಟಿವೆ.

ಆಮೇಲೆ ಕಣ್ಣು. ನನಗೆ ಅತಿ ಇಷ್ಟದ ಭಾಗ ಇದು. ಬೋರ್ಡಿನ ಮೇಲೆ ಒಂದೇ ಅಳತೆಯ ಎರಡು ತಲೆ ಬಿಡಿಸುತ್ತೇನೆ. ಒಂದಕ್ಕೆ ಸಣ್ಣ ಕಣ್ಣು, ಹಣೆಯ ಹತ್ತಿರ. ಇನ್ನೊಂದಕ್ಕೆ ದೊಡ್ಡ ಕಣ್ಣು, ತಲೆಯ ಅರ್ಧಕ್ಕಿಂತ ಕೆಳಗೆ, ದೂರ ದೂರ. ‘ಯಾವುದು ಪಾಪು?’ ಅಂತ ಕೇಳಿದರೆ ನಾಲ್ಕು ವರ್ಷದವರೂ ಎರಡನೆಯದನ್ನೇ ತೋರಿಸುತ್ತಾರೆ. ಮೊದಲನೆಯದು ತಾತ ಆನೆ ಅಂತೆ. ದೊಡ್ಡ ತಲೆ, ಅಗಲ ಹಣೆ, ಕೆಳಗಿರುವ ದೊಡ್ಡ ಕಣ್ಣು ನೋಡಿದರೆ ನಮಗೆ ಮುದ್ದು ಉಕ್ಕುತ್ತದೆ ಅಂತ ಕೊನ್ರಾಡ್ ಲೊರೆಂಜ್ ಎಂಬ ವಿಜ್ಞಾನಿ 1943ರಲ್ಲೇ ಬರೆದಿದ್ದರು. ಮುದ್ದಾಗಿ ಕಾಣುವ ಕಾರ್ಟೂನ್ ಪ್ರಾಣಿಗಳಲ್ಲೆಲ್ಲ ಇದೇ ಗುಟ್ಟು. ಮಕ್ಕಳಿಗೆ ಈ ಕಥೆ ಬೇಡ, ಕಣ್ಣು ಕೆಳಗಿಳಿಸಿದರೆ ಪಾಪು ಅಂತ ಗೊತ್ತಾದರೆ ಸಾಕು.

ಕಣ್ಣು ಬಿಡಿಸಲು ಠ ಅಕ್ಷರ ಬರೆಸುತ್ತೇನೆ. ಗುಂಡು, ಒಳಗೊಂದು ಚುಕ್ಕೆ, ಮೇಲೆ ಹುಬ್ಬು. ಒಂದನೇ ಕ್ಲಾಸಿನವರಿಗೆ ಬರೆದು ರೂಢಿಯಾಗಿರುತ್ತದೆ. ಎರಡು ಠ ನಡುವೆ ಅಡ್ಡಗೆರೆ ಹಾಕಿ ಸಿಡುಕು ಮುಖ ಮಾಡುವುದನ್ನು ಇಂಟರ್ನೆಟ್‌ನಲ್ಲಿ ಕನ್ನಡ ಬಾರದವರೂ ಬಳಸುತ್ತಾರಲ್ಲ, ನನಗೆ ಈ ಉಪಾಯ ಹೊಳೆದದ್ದೇ ಅದನ್ನು ನೋಡಿ. ಒಳಗಿನ ಚುಕ್ಕೆಯನ್ನು ಎಡಕ್ಕೆ ಸರಿಸಿದರೆ ಆನೆ ಎಡಕ್ಕೆ ನೋಡುತ್ತದೆ, ಕೆಳಕ್ಕೆ ಇಟ್ಟರೆ ನಾಚುತ್ತದೆ. ಹುಬ್ಬಿನ ಗೆರೆ ಮೂಗಿನ ಕಡೆಗೆ ಇಳಿದರೆ ಕೋಪ, ಕಿವಿಯ ಕಡೆಗೆ ಇಳಿದರೆ ಅಳುಮುಖ. ಒಬ್ಬ ಹುಡುಗಿ ಎರಡೂ ಚುಕ್ಕೆಗಳನ್ನು ಮೂಗಿನ ಕಡೆಗೆ ತಂದು, ‘ಮಿಸ್, ಇದರ ಸೊಂಡಿಲ ಮೇಲೆ ನೊಣ ಕೂತಿದೆ’ ಅಂದಳು. ಅವತ್ತು ಎಲ್ಲರ ಆನೆಗೂ ನೊಣ ಬಂತು.

ಹೊಟ್ಟೆ, ಕಾಲುಗಳ ತಂಟೆಗೆ ನಾನು ಜಾಸ್ತಿ ಹೋಗುವುದಿಲ್ಲ. ಎದುರಿನಿಂದ ನೋಡಿದರೆ ಹಿಂದಿನ ಕಾಲು ಅಷ್ಟಾಗಿ ಕಾಣುವುದಿಲ್ಲ ಅಂತ ವಿವರಿಸುವುದು ವ್ಯರ್ಥ. ಈ ವಯಸ್ಸಿನವರು ಕಂಡದ್ದಲ್ಲ, ಗೊತ್ತಿರುವುದನ್ನು ಬಿಡಿಸುತ್ತಾರೆ. ಆನೆಗೆ ನಾಲ್ಕು ಕಾಲು ಅಂತ ಗೊತ್ತು, ನಾಲ್ಕನ್ನೂ ಸಾಲಾಗಿ ನಿಲ್ಲಿಸುತ್ತಾರೆ. ತಿಂದ ಬೆಲ್ಲ, ಬಾಳೆಹಣ್ಣು ಹೊಟ್ಟೆಯೊಳಗೆ ಕಾಣಿಸುವ ಹಾಗೆ ಬಿಡಿಸುವವರೂ ಇದ್ದಾರೆ. ಉಗುರು ಮಾತ್ರ ಎಣಿಸಿ ಹಾಕಿಸುತ್ತೇನೆ. ನಮ್ಮ ಆನೆಗೆ ಸಾಮಾನ್ಯವಾಗಿ ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು. ಎಣಿಸುವುದು ಅವರಿಗೂ ಖುಷಿ. ಅಂಬಾರಿ ಬೇಕೇ ಬೇಕು ಅನ್ನುವವರು ಚೌಕ ಬಿಡಿಸಲು ಬಂದ ಮೇಲೆ ಹಾಕಬಹುದು. ನಿಜವಾದ ಅಂಬಾರಿ 750 ಕೆಜಿ ತೂಗುತ್ತದೆ, ನಮ್ಮ ಕ್ಲಾಸಿನವು ಹೆಚ್ಚಾಗಿ ಬೆನ್ನಿಗೆ ತಾಗದೆ ಗಾಳಿಯಲ್ಲೇ ನಿಂತಿರುತ್ತವೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮಗುವಿನ ಹಾಳೆಯ ಮೇಲೆ ನನ್ನ ಒಂದು ಗೆರೆಯೂ ಬೀಳಬಾರದು. ‘ಮಿಸ್, ನೀವೇ ಬಿಡಿಸಿಕೊಡಿ’ ಅಂದರೆ ಪಕ್ಕದಲ್ಲಿ ಬೇರೆ ಹಾಳೆ ಇಟ್ಟುಕೊಂಡು, ಅವರಿಗೆ ಕಾಣುವ ಹಾಗೆ ನಿಧಾನವಾಗಿ ಬಿಡಿಸಿ ತೋರಿಸುತ್ತೇನೆ. ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರಿಗೆ ಇದು ಹಿಡಿಸುವುದಿಲ್ಲ. ‘ಸ್ವಲ್ಪ ನೀವು ತಿದ್ದಿದ್ದರೆ ಚೆನ್ನಾಗಿರ್ತಿತ್ತು ಮೇಡಂ’ ಅನ್ನುತ್ತಾರೆ. ತಿದ್ದಿದರೆ ಮುಂದಿನ ವಾರ ಆ ಮಗು ಕ್ರೇಯಾನ್ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾ ಸುಮ್ನೆ ಕೂರುತ್ತದೆ.

ಬಣ್ಣಕ್ಕೆ ಎರಡನೇ ವಾರ. ಮೇಣಕ್ಕೆ ನೀರು ಅಂಟುವುದಿಲ್ಲ, ಹಾಗಾಗಿ ಕ್ರೇಯಾನ್ ಗೆರೆಯ ಮೇಲೆ ಜಲವರ್ಣ ಬಳಿದರೂ ಗೆರೆ ಹಾಗೇ ಉಳಿಯುತ್ತದೆ. ನುಣುಪಾದ ಕ್ಯಾಲೆಂಡರ್ ಹಾಳೆ ಇದಕ್ಕೆ ಆಗದು, ದಪ್ಪ ಡ್ರಾಯಿಂಗ್ ಶೀಟೇ ಬೇಕು. ಮೂರನೇ ವಾರ ಅದೇ ಮುಷ್ಟಿ, ಅದೇ ಠ ಕಣ್ಣು, ಸೊಂಡಿಲು ಮಾತ್ರ ಇಲ್ಲ. ಮೇಲೆ ಎರಡು ಉದ್ದನೆಯ ಕಿವಿ ಬಂದರೆ ಮೊಲ, ಎರಡು ಸಣ್ಣ ಗುಂಡು ಬಂದರೆ ಕರಡಿ. ಚೂಪು ಕಿವಿಯ ಬೆಕ್ಕನ್ನು ತ್ರಿಕೋನ ಬರುವವರೆಗೆ ಕಾಯಿಸುತ್ತೇನೆ.