ಗಬ್ಬದ ಕುರಿಯ ಮೈ ಹೊರಬಂದಾಗ ನಿಂತಿದ್ದು ಹಗ್ಗದ ಕಟ್ಟಿನಿಂದ

ಬಂಡೂರು ತಳಿಯ ಕುರಿ, ಎರಡನೇ ಗಬ್ಬ, ಈಯಲು ಇನ್ನೂ ಮೂರು ವಾರ ಇತ್ತು. ಮಲಗಿದಾಗ ಬಾಲದ ಕೆಳಗೆ ಕಿತ್ತಳೆ ಗಾತ್ರದ ಕೆಂಪು ಗಂಟು (ಹೊರಗೆ ಜಾರಿದ ಯೋನಿ, ಇದನ್ನೇ ಮೈ ಹೊರಬರೋದು ಅನ್ನೋದು) ಕಾಣೋದು, ಎದ್ದರೆ ಒಳಗೆ ಹೋಗೋದು. ನಾಲ್ಕನೇ ದಿನ ಎದ್ದರೂ ಒಳಗೆ ಹೋಗಲಿಲ್ಲ.

ಸುಮ್ನೆ ಕೈಯಲ್ಲಿ ಒಳಗೆ ತಳ್ಳಿದೆ. ಗಂಟೆಯೊಳಗೆ ಮತ್ತೆ ಹೊರಗೆ. ಹೊಲಿಗೆ ಹಾಕಿಸಿದೆ. ತಿಣುಕಿ ತಿಣುಕಿ ಎರಡೇ ದಿನದಲ್ಲಿ ಕಿತ್ತುಕೊಂಡಿತು.

ಕೊನೆಗೆ ಮಾಡಿದ್ದು ಇದು. ಒಬ್ಬರು ಹಿಂಗಾಲು ಎತ್ತಿ ಹಿಡಿದರು. ಗಂಟನ್ನು ಮೆಲ್ಲಗೆ ಮೇಲೆತ್ತಿದೊಡನೆ ಕಟ್ಟಿದ್ದ ಉಚ್ಚೆ ಸುರಿಯಿತು, ಗಾತ್ರ ಅರ್ಧವಾಯಿತು. ನನ್ನ ಮಟ್ಟಿಗೆ ಗುಟ್ಟು ಇದೇ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಟೀ ಚಮಚ ಉಪ್ಪು ಹಾಕಿ ತೊಳೆದೆ. ಊತ ಇಳಿಯಲು ಸಕ್ಕರೆ ಸವರಿ ಹತ್ತು ನಿಮಿಷ ಬಿಟ್ಟು, ಮತ್ತೆ ತೊಳೆದೆ. ಬೆರಳ ತುದಿ ಅಲ್ಲ, ಅಂಗೈಯಿಂದ ಒತ್ತಿದೆ.

ಆಮೇಲೆ ಕುರಿಯನ್ನು ನಿಲ್ಲಿಸಿಕೊಂಡು ನಾಲ್ಕು ಮೀಟರ್ ಮೆತ್ತನೆ ನೂಲಿನ ಹಗ್ಗ ಕಟ್ಟಿದೆ. ನಡುಭಾಗ ಕತ್ತಿನ ಮೇಲೆ, ತುದಿಗಳು ಮುಂಗಾಲ ನಡುವಿನಿಂದ ಹಿಂದಕ್ಕೆ, ಬೆನ್ನ ಮೇಲೆ ಅಡ್ಡ ಹಾಯಿಸಿ ಬಾಲದ ಎರಡೂ ಪಕ್ಕ ಇಳಿಸಿ, ಕೆಚ್ಚಲು ಮತ್ತು ತೊಡೆಯ ಸಂದಿನಿಂದ ಮುಂದೆ ತಂದು ಬದಿಯ ಹಗ್ಗಕ್ಕೆ ಗಂಟು. ಬಾಲದ ಹತ್ತಿರ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಹಿಕ್ಕೆ, ಉಚ್ಚೆ ಎರಡಕ್ಕೂ ತೊಂದರೆ ಆಗಲಿಲ್ಲ. ಉಜ್ಜಿದ ಕಡೆ ಮಾತ್ರ ದಿನಾ ನೋಡಬೇಕು.

ಪಶುವೈದ್ಯರಿಂದ ಆಂಟಿಬಯೋಟಿಕ್ ಕೊಡಿಸಿದೆ. ಒಣಮೇವು ಒಮ್ಮೆಗೇ ಜಾಸ್ತಿ ಹಾಕದೆ ನಾಲ್ಕು ಪಾಲು ಮಾಡಿದೆ. ಈಯುವ ನೋವು ಶುರುವಾದ ಕೂಡಲೇ ಹಗ್ಗ ಬಿಚ್ಚಿದೆ, ಮರಿ ಸಲೀಸಾಗಿ ಬಂತು. ಇಂಥ ಕುರಿಗೆ ಮುಂದಿನ ಗಬ್ಬದಲ್ಲೂ ಹೀಗೇ ಆಗೋದು ಜಾಸ್ತಿ, ಅದಕ್ಕೆ ಇದನ್ನು ಮತ್ತೆ ಟಗರಿಗೆ ಬಿಡುವುದಿಲ್ಲ.